ಕಾಕಾ ಮತ್ತು ಅಮೆರಿಕದ ಜಾನ್ಸನ್ನರು

ಹೋದ ವಾರ ನಮ್ಮ ಕಟ್ಟಡದ ಮೂರನೆಯ ಮಹಡಿಗೆ ಹೊಸದಾಗಿ ಬಂದ ಹುಬ್ಬಳ್ಳಿ ಕಡೆಯ ಹುಡುಗಿ ಬಾಗಿಲಲ್ಲೇ ನಿಂತು ಒಂದು ಸ್ಟೀಲಿನ ಡಬ್ಬಿ ಕೊಟ್ಟು ಹೋದಳು. ಮುಚ್ಚಳ ತೆಗೆದೆ. ಗುರೆಳ್ಳು ಚಟ್ನಿಪುಡಿ. ಹುರಿದ ಗುರೆಳ್ಳು, ಒಣಮೆಣಸು, ಬೆಳ್ಳುಳ್ಳಿ ಎಲ್ಲ ಸೇರಿದ ಆ ವಾಸನೆ ದುಬೈಯ ಅಲ್ ಕುಸೈಸಿನಲ್ಲಿರುವ ನಮ್ಮ ಪುಟ್ಟ ಅಡುಗೆಮನೆಯನ್ನು ತುಂಬಿತು. ಒಳಗಿನಿಂದ ಮಗ, "ಅಮ್ಮಾ, ವಾಟ್ಸ್ ದಟ್ ಸ್ಮೆಲ್?" ಎಂದು ಕೂಗಿದ.  ಡಬ್ಬಿ ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಉಡುಪಿಯವಳಾದ ನನಗೆ ಗುರೆಳ್ಳಿನ ರುಚಿ ಹಚ್ಚಿದವರು ಕಾಕಾ. ಅವರು ಈ ಊರು ಬಿಟ್ಟು ಎಷ್ಟು ಕಾಲವಾಯಿತು...

ನಾನಾಗ ದುಬೈಯ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪುಟ ವಿನ್ಯಾಸದ ಕೆಲಸ ಮಾಡುತ್ತಿದ್ದೆ. ಎರಡು ಸಾವಿರದ ಹತ್ತರ ಈಚಿನ ವರ್ಷಗಳು. ಬರೆಯುವವರು ಬೇರೆ, ತಿದ್ದುವವರು ಬೇರೆ. ಅವರು ಕೊಟ್ಟದ್ದನ್ನು ಫೋಟೋ ಸಮೇತ ಪುಟದೊಳಗೆ ಕೂರಿಸುವುದು ನನ್ನ ಪಾಲು. ಕಾಕಾ ವಿದೇಶ ಸುದ್ದಿಯ ಪುಟಗಳ ಹಿರಿಯ ಉಪಸಂಪಾದಕರು. ಧಾರವಾಡದ ಹತ್ತಿರದ ಒಂದು ಹಳ್ಳಿಯವರು. ಸೇರಿದ ಮೊದಲ ವಾರ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಎದುರಿನ ಕಂಪ್ಯೂಟರಿನ ಹಿಂದಿನಿಂದ ಒಂದು ನರೆತ ತಲೆ ಮೇಲೆದ್ದು, "ಕನ್ನಡದಾಕೀ ಏನವಾ?" ಎಂದಿತು. ನಾನು ಗಾಬರಿಯಿಂದ "ಹೌದು ಸರ್" ಎಂದೆ.

"ಸರ್ ಗಿರ್ ಅನಬ್ಯಾಡ. ಕಾಕಾ ಅನ್ನು. ಇಲ್ಲಿ ನನ್ನ ಹಂಗ ಕರಿಯೂವ್ರು ಯಾರೂ ಇಲ್ಲ."

ಅಂದಿನಿಂದ ಕಾಕಾ ಆದರು. ಸಂಜೆಯ ಪಾಳಿ ಶುರುವಾಗುವ ಮುಂಚೆ ಪ್ಯಾಂಟ್ರಿಯಲ್ಲಿ ಅವರ ಜೋಳದ ರೊಟ್ಟಿ ಮತ್ತು ನನ್ನ ನೀರುದೋಸೆ ಅದಲುಬದಲಾಗುತ್ತಿದ್ದವು. ನನ್ನ ದೋಸೆಯನ್ನು ಅವರು ಬೆಳಕಿಗೆ ಹಿಡಿದು, "ಇದರಾಗಿಂದ ಪೇಪರ್ ಓದಬಹುದು ನೋಡು" ಎಂದು ಅಣಕಿಸುತ್ತಿದ್ದರು. ನಿಮ್ಮ ರೊಟ್ಟಿಯ ಸದ್ದಿಗೆ ಪಕ್ಕದ ಟೇಬಲಿನವರು ಎದ್ದು ಕೂತರು ಎಂದು ನಾನೂ ಬಿಡುತ್ತಿರಲಿಲ್ಲ. ಕೆಲಸದಲ್ಲಿ ಮಾತ್ರ ಅವರು ಬಲು ಸಿಡುಕಿನವರು. ಅದರಲ್ಲೂ ಫೋಟೋ ವಿಷಯ ಬಂದರೆ ಮುಖ ನೋಡುವಂತಿರಲಿಲ್ಲ.

ಅವರಿಗೆ ಎಲ್ಲಕ್ಕಿಂತ ತಲೆನೋವು ಕೊಟ್ಟವರು ಅಮೆರಿಕದ ಜಾನ್ಸನ್ನರು. ಆ ದೇಶದ ರಾಜಕೀಯದಲ್ಲಿ ಜಾನ್ಸನ್ ಎಂಬ ಅಡ್ಡಹೆಸರಿಗೆ ಬರವೇ ಇಲ್ಲ. ಮೇಲ್ಮನೆಯಲ್ಲಿ ಜಾನ್ಸನ್, ಕೆಳಮನೆಯಲ್ಲಿ ಜಾನ್ಸನ್, ರಾಜ್ಯಗಳಲ್ಲಿ, ನಗರಗಳಲ್ಲಿ, ಎಲ್ಲೆಲ್ಲೂ ಜಾನ್ಸನ್. ಒಂದೇ ರಾಜ್ಯದಿಂದ ಇಬ್ಬರು ಇದ್ದದ್ದೂ ಉಂಟು. ಒಬ್ಬರಿಗೊಬ್ಬರು ಬಂಧುವಲ್ಲ, ಬಳಗವಲ್ಲ. ಸುದ್ದಿಸಂಸ್ಥೆಯ ಸಂಗ್ರಹದಲ್ಲಿ ಆ ಹೆಸರು ಹಾಕಿ ಹುಡುಕಿದರೆ ಟೈ ಕಟ್ಟಿಕೊಂಡ ಮುಖಗಳ ಸಂತೆಯೇ ತೆರೆದುಕೊಳ್ಳುತ್ತಿತ್ತು. ಇವರನ್ನು ಬೇರೆ ಬೇರೆಯಾಗಿ ನೆನಪಿಡಲು ಕಾಕಾ ತಮ್ಮ ಊರಿನ ಉಪಾಯ ಮಾಡಿದ್ದರು. ಒಬ್ಬೊಬ್ಬನಿಗೂ ಒಂದು ಮನೆತನದ ಹೆಸರಿಟ್ಟಿದ್ದರು. ಮೆಕ್ಕೆಜೋಳ ಬೆಳೆಯುವ ರಾಜ್ಯದವನು ಗೋವಿನಜ್ವಾಳದ ಜಾನ್ಸನ್. ಹಸು ಸಾಕುವ ಸೀಮೆಯವನು ಹೈನದ ಜಾನ್ಸನ್. ನದಿಯ ದಡದ ಊರಿನ ಮತ್ತೊಬ್ಬ ಹೊಳಿದಂಡಿ ಜಾನ್ಸನ್. ಹೆಂಗಸೊಬ್ಬರಿದ್ದರು, ಅವರು ಮಾತ್ರ ಗೌರವದಿಂದ ಜಾನ್ಸನ್ ಅಕ್ಕಾರು.

ಒಮ್ಮೆ ಯಾರೋ ಒಬ್ಬ ಜಾನ್ಸನ್ ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಎಂದು ಘೋಷಿಸಿದ ಸುದ್ದಿ ಬಂತು. ಫೋಟೋ ವಿಭಾಗದಿಂದ ಬಂದ ಚಿತ್ರವನ್ನು ಪುಟದಲ್ಲಿ ಕೂರಿಸಿದೆ. ಕಾಕಾ ನನ್ನ ಹಿಂದೆ ಬಂದು ನಿಂತರು.

"ಇಂವ ಗೋವಿನಜ್ವಾಳದಾಂವ. ಸುದ್ದಿ ಹೈನದಾಂವಂದು. ತಗಿ."

ಅತ್ತ ಮುಖ್ಯಸ್ಥರು "ಯಲ್ಲಾ, ಯಲ್ಲಾ, ಪೇಜ್ ಬಿಡಿ" ಎಂದು ಅಚ್ಚಿಗೆ ಅವಸರ ಮಾಡಿ ಬೊಬ್ಬೆ ಹೊಡೆಯುತ್ತಿದ್ದರು. ಕಾಕಾ ಅಲ್ಲಾಡಲಿಲ್ಲ. ಸರಿಯಾದ ಮುಖ ಬಂದು ಕೂರುವವರೆಗೆ ನನ್ನ ಕುರ್ಚಿಯ ಬೆನ್ನು ಹಿಡಿದೇ ನಿಂತಿದ್ದರು. ಆಮೇಲೆ ಚಹಾ ಕುಡಿಯುವಾಗ ನಾನು ತಮಾಷೆಗೆ, ಆ ಜಾನ್ಸನ್ನರಿಗೆ ನೀವು ಅಜ್ಜನ ಕಾಲದಿಂದ ನೆಂಟರಾ ಹೇಗೆ ಎಂದು ಕೆಣಕಿದೆ. ಅವರು ನಗಲಿಲ್ಲ. ಆ ಮನುಷ್ಯನಿಗೂ ಒಂದು ಮುಖವಿರುತ್ತದೆ, ಹೆಂಡತಿ ಮಕ್ಕಳಿರುತ್ತಾರೆ, ಬೇರೆಯವನ ಮುಖ ಹಚ್ಚಿದರೆ ಅವರಿಗೆ ಹೇಗಾಗಬೇಡ ಎಂದರು. ಆಮೇಲೆ, ಅದೇ ಹೆಸರಿನ ಇಬ್ಬರು ಹಿಂದೆ ಅಧ್ಯಕ್ಷರೂ ಆಗಿದ್ದರೆಂದೂ, ಇಬ್ಬರೂ ಮುಂಚಿನವರು ಗುಂಡಿಗೆ ಬಲಿಯಾದ ಮೇಲೆ ಆ ಕುರ್ಚಿಗೆ ಬಂದವರೆಂದೂ, ಆದರೂ ಅವರಿಬ್ಬರಿಗೆ ಯಾವ ನೆಂಟಸ್ತಿಕೆಯೂ ಇರಲಿಲ್ಲವೆಂದೂ ಹೇಳಿದರು. ಸುದ್ದಿಗಳಲ್ಲಿ ಅಮೆರಿಕದ ರಾಜಕಾರಣಿಯ ಹೆಸರಿನ ಪಕ್ಕ ಪಕ್ಷವನ್ನೂ ರಾಜ್ಯವನ್ನೂ ಚುಟುಕಾಗಿ ಬರೆಯುವ ಪದ್ಧತಿ ಅವರಿಗೆ ತುಂಬಾ ಹಿಡಿಸಿತ್ತು. ಹೆಸರು ಹೇಳಿದ ಮೇಲೆ ಯಾವ ಮನೆ, ಯಾವ ಊರು ಎಂದು ಕೇಳುವ ನಮ್ಮ ಹಿರಿಯರ ಹಾಗೆಯೇ ಇದೂ ಅನ್ನುತ್ತಿದ್ದರು.

"ಜಾನ್ಸನ್ ಅಂದ್ರ ಏನವಾ, ನಮ್ಮಲ್ಲಿ ಪಾಟೀಲ ಅಂದಂಗ. ಅಡ್ಡಹೆಸರು ಒಂದ ಆದ್ರ ಮನಿ ಒಂದ ಆಗತೈತೇನು?"

ಕಾಕಾ ಸಹ ಪಾಟೀಲರೇ. ಅವರ ಊರಲ್ಲಿ ಅರ್ಧಕ್ಕರ್ಧ ಪಾಟೀಲರಂತೆ. ಅಜ್ಜಂದಿರ ಹೆಸರನ್ನೇ ಮೊಮ್ಮಕ್ಕಳಿಗೆ ಇಟ್ಟು ಇಟ್ಟು, ಹೆಸರೂ ಅಡ್ಡಹೆಸರೂ ಒಂದೇ ಇರುವವರು ಓಣಿಗೊಬ್ಬರು. ಅವರ ಅಣ್ಣನ ಹೆಸರಿನವರೇ ಊರಲ್ಲಿ ಬೇರೆ ಬೇರೆ ಮನೆಗಳಲ್ಲಿ ಇದ್ದರು. ಅವರಲ್ಲಿ ಕೆಳಗಿನಮನೆಯವರೊಬ್ಬರು ಕಾಕಾನ ಅಣ್ಣನ ಹಾಗೆಯೇ ಮಾಸ್ತರರು. ಟಪಾಲಿನವನು ಒಬ್ಬರ ಕಾಗದವನ್ನು ಮತ್ತೊಬ್ಬರಿಗೆ ಕೊಟ್ಟು ಬೈಸಿಕೊಳ್ಳುತ್ತಿದ್ದನಂತೆ.

ಅಣ್ಣನ ವಿಷಯವನ್ನು ಕಾಕಾ ಒಂದೇ ಒಂದು ಸಲ ಪೂರ್ತಿಯಾಗಿ ಹೇಳಿದ್ದರು. ತಂದೆ ಬೇಗ ತೀರಿಕೊಂಡ ಮೇಲೆ ಅಣ್ಣನೇ ಹೆಗಲ ಮೇಲೆ ಹೊತ್ತು ಬೆಳೆಸಿದವರು, ತಾನು ಶಾಲೆಯ ಮಾಸ್ತರಿಕೆಗೆ ನಿಂತು ತಮ್ಮನನ್ನು ಕಾಲೇಜಿಗೆ ಕಳಿಸಿದವರು. ತಮ್ಮ ಮುಂಬಯಿಯಲ್ಲಿ ಪತ್ರಿಕೆ ಸೇರಿ, ಅಲ್ಲೇ ಮಂಗಳೂರು ಕಡೆಯ ಒಬ್ಬ ಕ್ರೈಸ್ತ ನರ್ಸನ್ನು ಮದುವೆಯಾಗಿ ಊರಿಗೆ ಕರೆದುಕೊಂಡು ಹೋದಾಗ, ಅಣ್ಣ ಮನೆಯವರೆಗೂ ಬರಗೊಡಲಿಲ್ಲ. ಊರ ಹೆಬ್ಬಾಗಿಲಾದ ಅಗಸಿಯಲ್ಲೇ, ಕಟ್ಟೆಯ ಮೇಲೆ ಕುಳಿತ ಹಿರಿಯರ ಎದುರಿಗೇ, "ನನಗ ತಮ್ಮ ಅನ್ನಾಂವ ಯಾರೂ ಇಲ್ಲ" ಎಂದುಬಿಟ್ಟರು. ಗಂಡ ಹೆಂಡತಿ ಬಂದ ಬಸ್ಸಿನಲ್ಲೇ ವಾಪಸು ಹೋದರು. ಆಮೇಲೆ ಇಬ್ಬರೂ ಕೊಲ್ಲಿಗೆ ಬಂದರು. ನಾನು ಆಂಟಿ ಎನ್ನುತ್ತಿದ್ದ ಅವರ ಹೆಂಡತಿಗೆ ಅಬುಧಾಬಿಯ ಆಸ್ಪತ್ರೆಯಲ್ಲಿ ಕೆಲಸ, ಕಾಕಾಗೆ ದುಬೈಯಲ್ಲಿ. ಶುಕ್ರವಾರದ ರಜೆಗೆ ಬಸ್ಸು ಹಿಡಿದು ಅಬುಧಾಬಿಗೆ ಹೋಗಿಬರುವ ಸಂಸಾರ. ಮಕ್ಕಳಾಗಲಿಲ್ಲ. ಊರಿಗೆ ಒಂದು ಕಾಗದ ಬರೆಯಲಿಲ್ಲ, ಅಲ್ಲಿಂದಲೂ ಬರಲಿಲ್ಲ.

ಆದರೆ ದಿನಾ ಮಧ್ಯಾಹ್ನ ಕಚೇರಿಗೆ ಬಂದವರು ಮೊದಲು ಮಾಡುತ್ತಿದ್ದ ಕೆಲಸ, ಕಂಪ್ಯೂಟರಿನಲ್ಲಿ ಕನ್ನಡ ಪತ್ರಿಕೆಯ ಧಾರವಾಡ ಆವೃತ್ತಿ ತೆರೆಯುವುದು. ಮುಖಪುಟವನ್ನು ಅವರು ಮುಟ್ಟುತ್ತಲೂ ಇರಲಿಲ್ಲ. ನೇರ ಜಿಲ್ಲೆಯ ಪುಟ, ಅದರಲ್ಲೂ ಮೂಲೆಯ 'ನಿಧನ' ವಾರ್ತೆ. "ಎಂತ ಕಾಕಾ, ದಿನಾ ಸತ್ತವರ ಸುದ್ದಿ?" ಎಂದು ನಾನು ಗದರಿದರೆ, ಊರಿನವರ ಹೆಸರು ನೋಡಲು ಸಿಗುವುದು ಅಲ್ಲಿ ಮಾತ್ರ ಎನ್ನುತ್ತಿದ್ದರು. ಅವರು ಯಾರ ಹೆಸರಿಗೆ ಹೆದರಿ ಹುಡುಕುತ್ತಾರೆಂದು ನನಗೆ ಗೊತ್ತಿತ್ತು. ಹೆಸರು ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಅವರ ಚಹಾ.

ಅಮೆರಿಕದಲ್ಲಿ ಚುನಾವಣೆಯ ಕಾವು ಏರಿದ್ದ ವರ್ಷ. ಒಂದು ಬುಧವಾರ ನಾನು ಪಾಳಿಗೆ ಬರುವಾಗ ಕಾಕಾನ ಚಹಾ ಆರಿ ಕೆನೆಗಟ್ಟಿತ್ತು. ಅವರು ಪರದೆಯಿಂದ ಕಣ್ಣು ತೆಗೆಯದೆ ಕೈಸನ್ನೆಯಲ್ಲೇ ನನ್ನನ್ನು ಕರೆದರು. ನಾಲ್ಕು ಸಾಲಿನ ಸುದ್ದಿ. ಅವರ ಊರು. ಅವರ ಅಣ್ಣನ ಹೆಸರು. ನಿವೃತ್ತ ಶಿಕ್ಷಕರು ಮಂಗಳವಾರ ನಿಧನರಾದರು. ಅವರಿಗೆ ಪತ್ನಿ, ಮೂವರು ಪುತ್ರಿಯರು, ಒಬ್ಬ ಸಹೋದರ ಇದ್ದಾರೆ. ಅಂತ್ಯಕ್ರಿಯೆ ಗುರುವಾರ ಸಂಜೆ ಸ್ವಗ್ರಾಮದಲ್ಲಿ. ಫೋಟೋ ಇರಲಿಲ್ಲ.

ನಾನು ಕುರ್ಚಿ ಎಳೆದು ಅವರ ಪಕ್ಕ ಕುಳಿತೆ. ಕಾಕಾ ಒಬ್ಬ ಜಾನ್ಸನ್ನನನ್ನು ಪರೀಕ್ಷಿಸುವ ಹಾಗೆ ಸುದ್ದಿಯನ್ನು ಬಿಡಿಸತೊಡಗಿದರು. ಅಣ್ಣ ಮಾಸ್ತರರು, ಸರಿ, ಕೆಳಗಿನಮನೆಯವರೂ ಮಾಸ್ತರರೇ. ವಯಸ್ಸು ಇಬ್ಬರಿಗೂ ಹೊಂದುತ್ತದೆ. ಅಣ್ಣನಿಗೆ ಎರಡು ಹೆಣ್ಣುಮಕ್ಕಳಿದ್ದದ್ದು ಗೊತ್ತು, ಆಮೇಲೆ ಒಂದಾಗಿದ್ದರೂ ಆಗಿರಬಹುದು. ಕೆಳಗಿನಮನೆಯಲ್ಲೂ ಹೆಣ್ಣುಮಕ್ಕಳೇ ಜಾಸ್ತಿ. ಮಂಗಳವಾರ ಹೋದವರನ್ನು ಗುರುವಾರದವರೆಗೆ ಇಡುವ ಪದ್ಧತಿ ತಮ್ಮಲ್ಲಿಲ್ಲ, ಯಾರೋ ದೂರದಿಂದ ಬರುವವರಿರಬೇಕು. ಅಣ್ಣನಿಗೆ ಹಾಗೆ ದೂರದಲ್ಲಿ ಯಾರಿದ್ದಾರೆ? ಹೀಗೆ ಒಂದೊಂದನ್ನೇ ಎಣಿಸುತ್ತ ಬಂದವರು, ಒಂದು ಕಡೆ ಬೆರಳಿಟ್ಟು ನಿಂತರು.

"ಒಬ್ಬ ಸಹೋದರ ಅಂತ ಐತಿ ನೋಡು. ಅಂವ ನಮ್ಮಣ್ಣ ಅಲ್ಲವಾ. ನಮ್ಮಣ್ಣ ಆಗಿದ್ರ ಈ ಮಾತ ಬರತಿದ್ದಿಲ್ಲ."

"ಒಂದು ಫೋನ್ ಮಾಡಿ ಕೇಳಿ ಮಾರಾಯ್ರೆ. ಟಿಕೆಟ್ ನಾನು ನೋಡ್ತೇನೆ. ಇವತ್ತು ಹೊರಟ್ರೆ ನಾಳೆ ಮಧ್ಯಾಹ್ನಕ್ಕೆ ಮುಟ್ತೀರಿ."

"ಯಾರಿಗೆ ಮಾಡ್ಲಿ? ಯಾರ ನಂಬರ್ ಐತಿ ನನ್ನ ಕಡೆ? ಮತ್ತ ಅಂವ ಬದುಕಿ ಇದ್ದು ಫೋನ್ ಎತ್ತಿದ್ರ ಏನ್ ಕೇಳ್ಲಿ, ಸತ್ತೀ ಏನು ಅಂತ ಕೇಳ್ಲ್ಯಾ?"

ಮಾತಿಗೆ ನಗು ಸೇರಿಸಲು ನೋಡಿದರು, ಆಗಲಿಲ್ಲ. ಅವರು ಹೇಳಿದ್ದು ನನಗೂ ಸರಿಯೆನ್ನಿಸಿತು. ಹತ್ತು ಜನರೆದುರು ತಮ್ಮನೇ ಇಲ್ಲವೆಂದ ಮನುಷ್ಯನ ಮನೆಯವರು ಪೇಪರಿಗೆ ಕೊಡುವಾಗ ತಮ್ಮನಿದ್ದಾನೆಂದು ಬರೆಸುತ್ತಾರೆಯೇ? ಕಾಕಾನ ತರ್ಕದಲ್ಲಿ ನನಗೆ ಎಲ್ಲೂ ಬಿರುಕು ಕಾಣಲಿಲ್ಲ. ಅಂದು ಸಂಜೆ ಅವರು ಎಂದಿಗಿಂತ ಚುರುಕಾಗಿ ಕೆಲಸ ಮಾಡಿದರು. ಅಮೆರಿಕದ ಸುದ್ದಿ ರಾಶಿ ರಾಶಿ ಬಂತು. ಒಂದು ಅಲ್ಪವಿರಾಮವೂ ಅವರ ಕಣ್ಣು ತಪ್ಪಲಿಲ್ಲ. ಗುರುವಾರ ಎಂದಿನಂತೆ ಅಬುಧಾಬಿಯ ಬಸ್ಸಿಗೆ ಹೋದರು.

ಎರಡು ವಾರವಾಗಿರಬೇಕು. ನಮ್ಮ ಟೇಬಲಿನ ಫೋನು ರಿಂಗಾಯಿತು, ನಾನು ಎತ್ತಿದೆ. ಸ್ವಾಗತಕಾರ ಹುಡುಗಿ, ಇಂಡಿಯಾದಿಂದ ಯಾವುದೋ ಕರೆ, ಏನು ಭಾಷೆಯೋ ಅರ್ಥವಾಗುತ್ತಿಲ್ಲ ಎಂದು ನನಗೆ ದಾಟಿಸಿದಳು. ಆ ಕಡೆ ಒಂದು ಹೆಣ್ಣು ದನಿ, ತಡವರಿಸುತ್ತ.

"ಅಲ್ಲಿ ನಮ್ಮ ಕಾಕಾ ಕೆಲಸ ಮಾಡ್ತಾರಂತಲ್ರೀ... ಧಾರವಾಡ ಕಡಿಯವ್ರು... ಅವ್ರಿಗೆ ಕೊಡ್ತೀರೇನ್ರಿ?"

ಕಾಕಾ ಎಂಬ ಆ ಕರೆ ಇಷ್ಟು ವರ್ಷ ನನ್ನೊಬ್ಬಳದೇ ಎಂದುಕೊಂಡಿದ್ದೆ. ಆ ಹುಡುಗಿಯ ಬಾಯಲ್ಲಿ ಅದು ಕೇಳಿದ ಕೂಡಲೇ ಅವಳು ಅಣ್ಣನ ಮಗಳೆಂದು ಹೊಳೆದು ನನಗೆ ಎಲ್ಲ ಗೊತ್ತಾಗಿಹೋಯಿತು. ಫೋನನ್ನು ಅವರ ಕೈಗೆ ಕೊಟ್ಟೆ. ಅವರು ಎದ್ದು ನಿಂತು ಕೇಳಿದರು. "ಹೂಂ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು "ಹೂಂ". ಕೊನೆಗೆ, "ನೀ ಸಣ್ಣಾಕಿ ಏನವಾ? ನಿನ್ನ ನಾ ನೋಡೇ ಇಲ್ಲಲ್ಲ" ಎಂದರು. ಫೋನಿಟ್ಟು ಪ್ಯಾಂಟ್ರಿಯ ಕಡೆ ನಡೆದರು. ನಾನು ಹಿಂದೆಯೇ ಹೋದೆ.

ಸಿಂಕಿನ ಅಂಚು ಹಿಡಿದು ನಿಂತೇ ಹೇಳಿದರು. ಕಾಯಿಲೆ ಬಿದ್ದ ಮೇಲೆ ಅಣ್ಣ ಬದಲಾಗಿದ್ದರಂತೆ. ನೋಡಲು ಬಂದವರಿಗೆಲ್ಲ, ನನ್ನ ತಮ್ಮ ದುಬೈಯಲ್ಲಿದ್ದಾನೆ, ದೊಡ್ಡ ಪೇಪರಿನಲ್ಲಿದ್ದಾನೆ ಎಂದು ಹೇಳುತ್ತಿದ್ದರಂತೆ. ಊರಿನವರ ಬಾಯಿಂದ ಕೇಳಿದ್ದಷ್ಟೇ, ಯಾವ ಪೇಪರೆಂದು ಅವರಿಗೂ ಗೊತ್ತಿರಲಿಲ್ಲ. ನಂಬರು ಯಾರ ಬಳಿಯೂ ಇರಲಿಲ್ಲ. ತೀರಿಕೊಂಡ ದಿನ ಅತ್ತಿಗೆ, ಅವನು ಪೇಪರ್ ಓದುವ ಮನುಷ್ಯ, ಯಾವ ದೇಶದಲ್ಲಿದ್ದರೂ ನಮ್ಮ ಜಿಲ್ಲೆಯ ಪೇಪರ್ ಓದೇ ಓದುತ್ತಾನೆ ಎಂದು ವರದಿಗಾರನನ್ನು ಮನೆಗೆ ಕರೆಸಿದರಂತೆ. ಅದೇ ಹೆಸರಿನವರು ಊರಲ್ಲಿ ಇದ್ದಾರಲ್ಲ, ಅವನಿಗೆ ಗುರುತು ಸಿಗಬೇಕು, ತಮ್ಮನಿದ್ದಾನೆ ಅಂತ ಮರೆಯದೆ ಹಾಕಿ ಎಂದು ಅಳುತ್ತಲೇ ಹೇಳಿ ಬರೆಸಿದರಂತೆ. ಮಣ್ಣು ಮಾಡುವುದನ್ನು ಗುರುವಾರ ಸಂಜೆಗೆ ಇಟ್ಟುಕೊಂಡದ್ದೂ ಅದಕ್ಕೇ. ಕತ್ತಲಾಗುವವರೆಗೆ ಅಗಸಿಯಲ್ಲಿ ಒಬ್ಬರನ್ನು ನಿಲ್ಲಿಸಿದ್ದರಂತೆ... ಆಮೇಲೆ ಆ ವರದಿಗಾರನೇ ಪಾಪ, ಅವರಿವರನ್ನು ವಿಚಾರಿಸಿ ನಮ್ಮ ಕಚೇರಿಯ ಪತ್ತೆ ಹಚ್ಚಿ ಹುಡುಗಿಗೆ ನಂಬರು ಕೊಟ್ಟಿದ್ದ.

"ನನ್ನ ಕರಿಯಾಕಂತನ ಆ ಮಾತ ಬರಸ್ಯಾರವಾ. ನಾ ಅದನ್ನ ಹಿಡದು ಅಂವ ನಮ್ಮಣ್ಣ ಅಲ್ಲ ಅಂದೆ."

ಅಳು ಬಂದದ್ದು ನನಗೆ. ಅವರು ನಲ್ಲಿ ತಿರುಗಿಸಿ ಲೋಟ ತೊಳೆಯುತ್ತ ನಿಂತರು, ತೊಳೆದದ್ದನ್ನೇ ತೊಳೆಯುತ್ತ.  ಆ ಒಂದು ಸಾಲನ್ನು ಬಿಟ್ಟಿದ್ದರೆ ಅವರು ಹೆದರಿಕೊಂಡಾದರೂ ಹೊರಡುತ್ತಿದ್ದರು, ಅಣ್ಣನ ಮುಖ ನೋಡುತ್ತಿದ್ದರು. ಅತ್ತಿಗೆಯ ಪ್ರೀತಿಯೇ ಅವರನ್ನು ತಡೆದು ಇಲ್ಲಿ ಕೂರಿಸಿತಲ್ಲ ಎಂದು ನನಗೆ ದೇವರ ಮೇಲೇ ಸಿಟ್ಟು ಬಂದಿತ್ತು.

ರಜೆ ಹಾಕಿ ಗಂಡ ಹೆಂಡತಿ ಇಬ್ಬರೂ ಊರಿಗೆ ಹೋಗಿಬಂದರು. ಬಂದ ಮೇಲೆ ಕಾಕಾ ಹೆಚ್ಚೇನೂ ಹೇಳಲಿಲ್ಲ. ಅಗಸಿಯಲ್ಲಿ ಬಸ್ಸಿಳಿದಾಗ ಆಂಟಿ ಕಾಕಾನ ಹಿಂದೆಯೇ ನಿಂತರಂತೆ. ಅತ್ತಿಗೆ ಆಂಟಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಪಕ್ಕದಲ್ಲೇ ಕೂರಿಸಿಕೊಂಡು ಊಟ ಬಡಿಸಿದರಂತೆ. ಕಾಕಾಗೆ ಮಾತ್ರ, "ತಡ ಮಾಡಿದೆಲ್ಲೋ" ಎಂದರಂತೆ, ಅಷ್ಟೇ. ಸುದ್ದಿ ಓದಿಯೂ ಬರಲಿಲ್ಲವೆಂಬುದನ್ನು ಕಾಕಾ ಅವರಿಗೆ ಹೇಳಿದರೋ, ಕಣ್ಣಿಗೆ ಬೀಳಲಿಲ್ಲವೆಂದರೋ, ನಾನು ಕೇಳಲು ಹೋಗಲಿಲ್ಲ.

ಆಮೇಲಿನ ಕಾಕಾ ಬೇರೆಯೇ ಕಾಕಾ. ಕೆಲಸದಲ್ಲಿ ಒಂದು ಕುಂದು ತರಲಿಲ್ಲ, ಆದರೆ ಗೋವಿನಜ್ವಾಳದವನು, ಹೈನದವನು ಎಂಬ ಮಾತೆಲ್ಲ ನಿಂತುಹೋಯಿತು. ಒಮ್ಮೆ ಅವರನ್ನು ನಗಿಸೋಣವೆಂದು, "ಕಾಕಾ, ಇವ ಯಾವ ಮನೆಯ ಜಾನ್ಸನ್?" ಎಂದು ಕೇಳಿದೆ. "ಏಜೆನ್ಸಿಯವ್ರು ಏನ್ ಬರದಾರ ನೋಡಿ ಹಾಕವಾ. ನನ್ನ ಮಾತ ನಂಬಬ್ಯಾಡ" ಎಂದರು. ನಾನು ಮತ್ತೆ ಆ ಸಲಿಗೆ ತೋರಿಸಲಿಲ್ಲ. ಮಧ್ಯಾಹ್ನ ಕನ್ನಡ ಪತ್ರಿಕೆ ತೆರೆಯುವುದನ್ನೂ ಬಿಟ್ಟರು. ಬಂದ ಕೂಡಲೇ ಚಹಾ ಕುಡಿದು ಕೆಲಸಕ್ಕೆ ಕೂರುತ್ತಿದ್ದರು. ಅದನ್ನು ನೋಡಲು ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಮುಂದಿನ ವರ್ಷ ನಿವೃತ್ತಿ ಬಂತು. ಕಚೇರಿಯಲ್ಲಿ ಕೇಕು ಕತ್ತರಿಸಿದರು, ಚಪ್ಪಾಳೆ ತಟ್ಟಿದರು. ವೀಸಾ ರದ್ದಾಯಿತು. "ಖಲಾಸ್ ಆತು ನೋಡವಾ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಆಂಟಿಯ ತವರಿನ ಕಡೆ ಎಲ್ಲೋ ಮನೆ ಮಾಡುತ್ತೇವೆಂದಿದ್ದರು. ಮೊದಮೊದಲು ಫೋನು ಬರುತ್ತಿತ್ತು. ಮಗ ಈಗಲಾದರೂ ಕನ್ನಡ ಮಾತಾಡುತ್ತಾನಾ ಎಂದು ತಪ್ಪದೆ ವಿಚಾರಿಸುತ್ತಿದ್ದರು. ಆಮೇಲೆ ನಾನು ಆ ಪತ್ರಿಕೆ ಬಿಟ್ಟೆ, ಬೇರೆ ಕೆಲಸ, ಮಕ್ಕಳ ಪರೀಕ್ಷೆ... ಒಂದು ದಿನ ಅವರ ನಂಬರಿಗೆ ಕರೆ ಮಾಡಿದರೆ ಯಾರೋ ಹಿಂದಿಯಲ್ಲಿ ರಾಂಗ್ ನಂಬರ್ ಎಂದರು. ಈ ಊರಿನ ಸ್ನೇಹಗಳು ಹೀಗೆಯೇ, ಇರುವಾಗ ಒಂದೇ ತಟ್ಟೆ, ಹೋದ ಮೇಲೆ ವಿಳಾಸವೂ ಇಲ್ಲ.

ಹೋದ ವಾರ ಆ ಡಬ್ಬಿ ಬಂದಾಗಿನಿಂದ ನಾನು ಧಾರವಾಡ ಆವೃತ್ತಿ ತೆರೆಯಲು ಶುರುಮಾಡಿದ್ದೇನೆ. ಗಂಡ ವಿಚಿತ್ರವಾಗಿ ನೋಡುತ್ತಾರೆ, ಆ ಕಡೆ ನನಗೆ ಯಾರಿದ್ದಾರೆಂದು. ಮೂಲೆಯ ಆ ಸುದ್ದಿಗಳಲ್ಲಿ ಪಾಟೀಲ ಎಂದು ಕಂಡರೆ ಊರಿನ ಹೆಸರು ನೋಡಿಯೇ ಮುಂದೆ ಹೋಗುತ್ತೇನೆ. ಕಾಕಾ ಇದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ. ಅವರ ಹೆಸರು ಬಂದು ಹೋಗಿದ್ದರೆ ಈ ಮೊದಲೇ ಬಂದು ಹೋಗಿರುತ್ತದೆ, ಅಥವಾ ಮುಂದೊಂದು ದಿನ ಬರುತ್ತದೆ. ಅವರಿಗೆ ಪತ್ನಿ ಇದ್ದಾರೆ ಎಂದು ಬರೆಯುತ್ತಾರೆ. ಅಣ್ಣನ ಮಕ್ಕಳಿದ್ದಾರೆ ಎಂದೂ ಸೇರಿಸಬಹುದು. ದುಬೈಯಲ್ಲಿ ಕಾಕಾ ಎಂದು ಕರೆಯುತ್ತಿದ್ದವಳೊಬ್ಬಳು ಇದ್ದಾಳೆ ಎಂದು ಮಾತ್ರ ಯಾರೂ ಬರೆಯುವುದಿಲ್ಲ.